ಎರಡು ಗಂಟೆ ಹತ್ತು ನಿಮಿಷ

ಮಾರ್ಚ್ 3, ಸೋಮವಾರ

ಮಗಳು ತನ್ನ ಹಳೆಯ ನೋಟ್‌ಬುಕ್ ಕೊಟ್ಟಿದ್ದಾಳೆ. ಮುಂದಿನ ಅರ್ಧ ಅವಳ ರಸಾಯನಶಾಸ್ತ್ರ, ಹಿಂದಿನ ಅರ್ಧ ಖಾಲಿ. "ದಿನಾ ಒಂದು ಪುಟ ಬರಿ ಅಪ್ಪಾ. ಏನಾದ್ರೂ ಬರಿ. ಬರೀತಾ ಬರೀತಾ ಕೈ ಓಡುತ್ತೆ" ಎಂದಳು. ಯಾರೂ ಓದಬಾರದು ಎಂದು ಆಣೆ ಹಾಕಿಸಿಕೊಂಡು ಬರೆಯುತ್ತಿದ್ದೇನೆ.

ಇವತ್ತು ಹೊಸ ಕೆಲಸದ ಮೊದಲ ದಿನ. ಕೆಲಸ ಮನೆಯಲ್ಲೇ. ಹತ್ತೊಂಬತ್ತು ವರ್ಷ ಒಂದು ಕಚೇರಿ ಕಟ್ಟಡದ ಲಿಫ್ಟಿನಲ್ಲಿ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತಿದೆ. ಹೊಸ ಲಿಫ್ಟ್ ಬಂತು, ಜನ ತಾವೇ ಒತ್ತಿಕೊಳ್ಳತೊಡಗಿದರು. ಸ್ಟೂಲ್ ತೆಗೆದರು, ಅದರ ಮೇಲಿದ್ದ ನನ್ನನ್ನೂ ತೆಗೆದರು. ಲಿಫ್ಟ್ ಕಂಪನಿಯವರೇ ಪಾಪ ಅನ್ನಿಸಿ ಈ ಕೆಲಸ ಕೊಟ್ಟಿದ್ದಾರೆ. ಯಾರಾದರೂ ಲಿಫ್ಟಿನಲ್ಲಿ ಸಿಕ್ಕಿಕೊಂಡು ಗಂಟೆಯ ಗುಂಡಿ ಒತ್ತಿದರೆ ಅದು ನಮ್ಮ ಮನೆಯ ಕಂಪ್ಯೂಟರಿನಲ್ಲಿ ಬಾರಿಸುತ್ತದೆ. ನಾನು ಹೆಡ್‌ಫೋನ್ ಹಾಕಿಕೊಂಡು, ಮೆಕ್ಯಾನಿಕ್‌ಗೆ ಫೋನ್ ಮಾಡಿ, ಅವನು ಬರುವ ತನಕ ಒಳಗಿರುವವರನ್ನು ಮಾತಾಡಿಸುತ್ತಿರಬೇಕು. ಬೆಳಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ. ನೂರ ನಲವತ್ತು ಕಟ್ಟಡಗಳು. ಒಂದನ್ನೂ ನಾನು ನೋಡಿಲ್ಲ.

ಬೇರೆಯವರಿಗೆ ಗಾಬರಿಯಾಗದ ಹಾಗೆ ನೋಡಿಕೊಳ್ಳುವ ಕೆಲಸ, ಅದೂ ನನಗೆ! ಮನೆಯವಳು ಹೊಲಿಗೆ ನಿಲ್ಲಿಸಿ ನಕ್ಕಳು. "ಗ್ಯಾಸ್ ಆಫ್ ಮಾಡಿದೀನಾ ಅಂತ ಬಸ್‌ಸ್ಟಾಪಿಂದ ವಾಪಸ್ ಬರೋರು ನೀವು" ಎಂದಳು.

ಹೇಳಬೇಕಾದ ಮಾತುಗಳ ಒಂದು ಕಾರ್ಡ್ ಕೊಟ್ಟಿದ್ದಾರೆ. ಹದಿನಾಲ್ಕು ವಾಕ್ಯ. ಅದರ ಆಚೆ ಈಚೆ ಹೋಗುವಂತಿಲ್ಲ. ಮೂರು ತಿಂಗಳು ಪರೀಕ್ಷೆಯ ಅವಧಿ, ಆಮೇಲೆ ಕಾಯಂ, ಇಲ್ಲವಾದರೆ ಮನೆಗೆ. ಮನೆಯಲ್ಲೇ ಇರುವವನನ್ನು ಮನೆಗೆ ಹೇಗೆ ಕಳಿಸುತ್ತಾರೆ ಎಂದು ಮಗಳು ಕೇಳಿದಳು. ನನಗೆ ನಗು ಬರಲಿಲ್ಲ.

ಮಾರ್ಚ್ 4, ಮಂಗಳವಾರ

ಕರೆ ಬರಲಿಲ್ಲ. ಬರಲಿಲ್ಲ ಎಂದರೆ ಕಂಪ್ಯೂಟರ್ ಕೆಟ್ಟಿದೆಯೋ ಏನೋ. ಹೆಡ್‌ಫೋನಿನ ತಂತಿಯನ್ನು ಹನ್ನೊಂದು ಸಲ ಮುಟ್ಟಿ ನೋಡಿದೆ. ನೆಟ್ಟಿನ ಹಸಿರು ದೀಪ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ನೀರು ಕುಡಿಯಲಿಲ್ಲ. ಕುಡಿದರೆ ಬಚ್ಚಲಿಗೆ ಹೋಗಬೇಕು, ಹೋದಾಗಲೇ ಗಂಟೆ ಬಾರಿಸಿದರೆ? ಮೂರು ಸಲ ಬಾರಿಸುವುದರೊಳಗೆ ಎತ್ತಬೇಕು.

ಮಾರ್ಚ್ 6, ಗುರುವಾರ

ಮೊದಲ ಕರೆ. ಬಾರಿಸಿದ ತಕ್ಷಣ ಎದ್ದು ನಿಂತುಬಿಟ್ಟೆ. ದೊಡ್ಡ ಅಧಿಕಾರಿ ಲಿಫ್ಟ್ ಹತ್ತಿದರೆ ನಿಲ್ಲುತ್ತಿದ್ದೆನಲ್ಲ, ಹಾಗೆ. ಕಾರ್ಡ್ ಕೈಗೆತ್ತಿಕೊಂಡೆ.

"ನಮಸ್ಕಾರ. ತಾವು ಸುರಕ್ಷಿತವಾಗಿದ್ದೀರಿ. ದಯವಿಟ್ಟು ತಮ್ಮ ಹೆಸರನ್ನು ತಿಳಿಸಿ" ಎಂದು ಓದಿದೆ.

"ಹೆಸ್ರು ಕಟ್ಕೊಂಡು ಏನ್ಮಾಡ್ತೀಯಪ್ಪಾ, ಬಾಗ್ಲು ತೆಗಿ!" ಎಂದ ಒಳಗಿದ್ದ ಗಂಡಸು.

"ತಾವು ಸುರಕ್ಷಿತವಾಗಿದ್ದೀರಿ." ಕಣ್ಣು ಮತ್ತೆ ಅದೇ ಸಾಲಿಗೆ ಹೋಗಿತ್ತು.

"ನಂದು ಹಾಗಿರ್ಲಿ, ನೀನು ಸರಿಯಾಗಿದ್ದೀಯಾ? ದನಿ ಯಾಕೆ ಹಿಂಗೆ ನಡುಗ್ತಿದೆ?"

ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. "ಐದೇ ನಿಮಿಷ ಅಣ್ಣಾ" ಎಂದ. ಇಪ್ಪತ್ತೈದು ನಿಮಿಷಕ್ಕೆ ಬಂದ. ಅಷ್ಟು ಹೊತ್ತೂ ನಾನು ಹದಿನಾಲ್ಕು ವಾಕ್ಯಗಳನ್ನು ತಿರುಗಿಸಿ ಮುರುಗಿಸಿ ಓದಿದೆ. ಕೊನೆಗೆ ಆ ಮನುಷ್ಯ ನನ್ನ ಜೊತೆ ತಾನೂ ಹೇಳತೊಡಗಿದ್ದ.

ಕರೆ ಮುಗಿದ ಐದು ನಿಮಿಷದೊಳಗೆ ವರದಿ ಟೈಪ್ ಮಾಡಿ ಕಳಿಸಬೇಕು. ನನಗೆ ನಲವತ್ತು ನಿಮಿಷ ಹಿಡಿಯಿತು. ನಾಲ್ಕು ಸಾಲು, ಅಷ್ಟೇ.

ಮಾರ್ಚ್ 12, ಬುಧವಾರ

ಕೂರುವ ಜಾಗ ಬದಲಾಯಿಸಿದೆ. ಹಾಲಿನ ಊಟದ ಮೇಜಿನ ಮೇಲೆ ಆಗುವುದಿಲ್ಲ. ಪಕ್ಕದ ಮನೆಯವರು ಗೋಡೆ ಕೊರೆಯುತ್ತಾರೆ ಎಂಬುದೊಂದು. ಇನ್ನೊಂದು, ಸುತ್ತ ಅಷ್ಟು ಜಾಗ ಖಾಲಿ ಬಿದ್ದಿದ್ದರೆ ನನಗೆ ಮಾತೇ ಹೊರಡುವುದಿಲ್ಲ. ಮಲಗುವ ಕೋಣೆಯಲ್ಲಿ ಬೀರುವಿಗೂ ಗೋಡೆಗೂ ನಡುವೆ ನಾಲ್ಕಡಿ ಇದೆ. ಅಲ್ಲಿ ಮೇಜು ಹಾಕಿ, ಮುಂದೆ ಹಳೆಯ ಬೆಡ್‌ಶೀಟ್ ಇಳಿಬಿಟ್ಟೆ. ಕೂತ ಮೇಲೆ ಮೊದಲ ಸಲ ಸರಿಯಾಗಿ ಉಸಿರಾಡಿದೆ.

"ಲಿಫ್ಟಿಂದ ನಿಮ್ಮನ್ನ ಇಳಿಸಿದ್ರು, ನಿಮ್ಮಿಂದ ಲಿಫ್ಟ್ ಇಳೀಲಿಲ್ಲ ನೋಡಿ" ಎಂದಳು ಮನೆಯವಳು.

ಇವಳು ಅಂಗಡಿಯೊಂದಕ್ಕೆ ದಿಂಬಿನ ಕವರು, ಪ್ಯಾಂಟಿನ ಅಂಚು ಹೊಲಿದುಕೊಡುತ್ತಾಳೆ. ಆ ಕೋಣೆಯ ಕಿಟಕಿಯ ಹತ್ತಿರವೇ ಮಷೀನು. ಹದಿನೈದು ವರ್ಷದಿಂದ ಮನೆಯಿಂದಲೇ ಕೆಲಸ. ಆದರೆ ಅದನ್ನು ಯಾರೂ ಹಾಗೆ ಕರೆದಿರಲಿಲ್ಲ, ನಾನೂ ಕರೆದಿರಲಿಲ್ಲ. ಈಗ ಅವಳೇ ನನಗೆ ಮೇಷ್ಟ್ರು. ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಕೂರಬೇಕಂತೆ. "ಲುಂಗಿ ಸುತ್ಕೊಂಡು ಕೂತ್ರೆ ಮಾತೂ ಲುಂಗಿ ಥರಾನೇ ಜಾರುತ್ತೆ." ಕೆಲಸದ ಮೇಜಿನ ಮೇಲೆ ಊಟ ಮಾಡಬಾರದಂತೆ. ಮೂರು ಗಂಟೆಗೆ ಎದ್ದು ಬೀದಿಯ ಕೊನೆಯ ತನಕ ಹೋಗಿ ಬರಬೇಕಂತೆ, ಆಗ ಮನೆಗೆ ಬಂದ ಹಾಗೆ ಆಗುತ್ತದಂತೆ.

ಅವಳ ಮಷೀನಿನ ಸದ್ದು ಕರೆಯಲ್ಲಿ ಕೇಳಬಾರದು. ಅದಕ್ಕೆ ಅವಳೇ ಒಂದು ಉಪಾಯ ಮಾಡಿದ್ದಾಳೆ. ನನ್ನ ಮೇಜಿನಿಂದ ಅವಳ ಸ್ಟೂಲಿನ ಕಾಲಿಗೆ ಒಂದು ದಾರ. ಗಂಟೆ ಬಾರಿಸಿದರೆ ಎಳೆಯುತ್ತೇನೆ, ಅವಳು ತುಳಿಯುವುದು ನಿಲ್ಲಿಸುತ್ತಾಳೆ. ದಾರ ತುಂಡಾದರೆ ಏನು ಗತಿ ಎಂದು ಕೇಳಿದೆ. "ದಾರ ನಂದೇ ಅಲ್ವಾ, ರೀಲ್‌ಗಟ್ಲೆ ಇದೆ" ಎಂದಳು.

ಮಾರ್ಚ್ 20, ಗುರುವಾರ

ಮೇಲ್ವಿಚಾರಕಿ ಮೇಡಂ ಕಳಿಸಿದ ಸಂದೇಶ. ಕಾಯಂ ಆಗಬೇಕಾದವರು ಮೇ 30ರೊಳಗೆ ಹತ್ತನೇ ತರಗತಿಯ ಅಂಕಪಟ್ಟಿಯನ್ನು ಕಂಪ್ಯೂಟರಿನಲ್ಲಿ ಸೇರಿಸಬೇಕು.

ನಾನು ಓದಿರುವುದು ಏಳನೇ ತರಗತಿ.

ಅರ್ಜಿ ತುಂಬಿದವಳು ಮಗಳು. ವಿದ್ಯಾಭ್ಯಾಸ ಎಂಬಲ್ಲಿ ಒತ್ತಿದರೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಎಲ್ಲಕ್ಕಿಂತ ಕೆಳಗೆ ಇದ್ದದ್ದೇ ಹತ್ತನೇ ತರಗತಿ. ಅದಕ್ಕಿಂತ ಕೆಳಗಿನವರು ಇದ್ದಾರೆ ಎಂಬುದೇ ಆ ಪಟ್ಟಿಗೆ ಗೊತ್ತಿಲ್ಲ. ಏನನ್ನೂ ಒತ್ತದಿದ್ದರೆ ಅರ್ಜಿ ಮುಂದೆ ಹೋಗುತ್ತಿರಲಿಲ್ಲ. "ಒತ್ತಲಾ?" ಎಂದಳು, "ಒತ್ತು" ಎಂದೆ.

ಏಳನೆಯದು ಮುಗಿದ ವರ್ಷ ನನಗೆ ಕಾಮಾಲೆ ಹಿಡಿದು ವರ್ಷವಿಡೀ ಮಲಗಿದೆ. ಎದ್ದಾಗ ನನ್ನ ಜೊತೆಯವರು ಮುಂದಕ್ಕೆ ಹೋಗಿದ್ದರು. ಸಣ್ಣ ಮಕ್ಕಳ ಜೊತೆ ಕೂರಲು ನಾಚಿಕೆ. ನಾಳೆ ಹೋಗ್ತೀನಿ ಎಂದು ಅಮ್ಮನಿಗೆ ಹೇಳಿದೆ. ಆ ನಾಳೆಗೆ ಈಗ ಮೂವತ್ತನಾಲ್ಕು ವರ್ಷ.



ಏಪ್ರಿಲ್ 2, ಬುಧವಾರ

ಇವತ್ತು ಒಬ್ಬ ನಲ್ಲಿ ರಿಪೇರಿಯವನು ಸಿಕ್ಕಿಕೊಂಡಿದ್ದ. ದನಿ ಕೇಳಿದರೆ ದೊಡ್ಡ ಆಳು. ಅಳುತ್ತಿದ್ದ. ಕಾರ್ಡಿನ ಎರಡನೇ ವಾಕ್ಯ ಓದುತ್ತಿದ್ದೆ, "ಸಾರ್, ಓದ್ಬೇಡಿ ಸಾರ್, ಮಾತಾಡಿ" ಎಂದ.

ಏನು ಮಾತಾಡುವುದು? ನಮ್ಮ ಬಚ್ಚಲಿನ ನಲ್ಲಿ ಎರಡು ತಿಂಗಳಿಂದ ತೊಟ್ಟಿಕ್ಕುತ್ತಿದೆ, ಅದನ್ನು ಹೇಳಿದೆ. ತಡಿ ತಡಿ, ಎಷ್ಟು ಹೊತ್ತಿಗೊಂದು ಹನಿ ಎಂದು ಕೇಳಿದ. ಒಳಗೆ ವಾಷರ್ ಇರುತ್ತೆ ಸಾರ್ ಎಂದ. ಹೇಗೆ ಬಿಚ್ಚಬೇಕು, ಎಡಕ್ಕೋ ಬಲಕ್ಕೋ, ಎಲ್ಲ ಹೇಳಿಕೊಟ್ಟ. ಅಳು ನಿಂತಿತ್ತು. ಕೂತ್ಕೊಳಪ್ಪಾ, ಗೋಡೆಗೆ ಒರಗು ಎಂದೆ. ಕೂತ. ಐದ್ನಿಮಿಷ ಬರಲು ಐವತ್ತು ನಿಮಿಷ ತೆಗೆದುಕೊಂಡ. ಆ ಮೆಕ್ಯಾನಿಕ್‌ಗೆ ಈಗ ನಮ್ಮ ಮನೆಯಲ್ಲಿ ಅದೇ ಹೆಸರು.

ಸಂಜೆ ವಾಷರ್ ತಂದು ನಾನೇ ಹಾಕಿದೆ. ನಿಂತಿತು.

ಏಪ್ರಿಲ್ 3, ಗುರುವಾರ

ನಿನ್ನೆಯ ಕರೆಗೆ ಕಂಪ್ಯೂಟರ್ ಅಂಕ ಕಡಿತ ಮಾಡಿದೆ. "ಕಾರ್ಡಿನಲ್ಲಿಲ್ಲದ ಮಾತು: 211 ವಾಕ್ಯ." ಇನ್ನು ಮೇಲೆ ಕಾರ್ಡ್ ಬಿಟ್ಟು ತುಟಿ ಎರಡು ಮಾಡುವುದಿಲ್ಲ.

ಏಪ್ರಿಲ್ 15, ಮಂಗಳವಾರ

ಬರೆಯಲೂ ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಹನ್ನೊಂದು ಗಂಟೆಗೆ ಹನ್ನೆರಡು ಮಹಡಿಯ ಒಂದು ಕಟ್ಟಡದಿಂದ ಕರೆ. ದಾರ ಎಳೆದು, ಲೈನ್ ಎತ್ತಿದೆ. ಯಾರದೋ ಚೀಲ ಗುಂಡಿಗೆ ತಾಗಿತ್ತಂತೆ, "ಸಾರಿ ಸಾರಿ" ಎಂದು ಇಳಿದು ಹೋದರು. ಸರಿ ಎಂದು ಹೆಡ್‌ಫೋನ್ ತೆಗೆದಿಟ್ಟೆ. ಆ ಹೊತ್ತಿಗೆ ಮನೆಯವಳು ಸೂಜಿಗೆ ದಾರ ಪೋಣಿಸಿ ಕೊಡಿ ಎಂದು ಕೂಗಿದಳು, ಎದ್ದು ಹೋದೆ. ಹಿಂತಿರುಗಿ ಬಂದು ಸುಮ್ಮನೆ ಕೂತೆ. ಕರೆ ಮುಗಿದ ಮೇಲೆ ಪರದೆಯ ಮೇಲೆ "ಮುಚ್ಚು" ಎಂಬುದನ್ನು ಒತ್ತಬೇಕು. ಒತ್ತಿರಲಿಲ್ಲ. ಒತ್ತದಿದ್ದರೆ ಇಲ್ಲಿಯ ಮಾತು ಆ ಲಿಫ್ಟಿನ ಸ್ಪೀಕರಿನಲ್ಲಿ ಬರುತ್ತಲೇ ಇರುತ್ತದೆ.

ಮತ್ತೆ ಕರೆಯೇ ಬರಲಿಲ್ಲ. ಇವತ್ತು ಒಳ್ಳೆಯ ದಿನ ಎಂದುಕೊಂಡೆ. ನನ್ನ ಲೈನ್ ಬಿಡುವಿಲ್ಲ ಎಂದು ಎಲ್ಲ ಕರೆಗಳೂ ಬೇರೆಯವರಿಗೆ ಹೋಗುತ್ತಿದ್ದವು, ಅಷ್ಟೇ.

ಅವಳು ಹೊಲಿಯುತ್ತಿದ್ದಳು, ನಾನು ನನ್ನ ಗೋಳು ತೋಡಿಕೊಳ್ಳುತ್ತಿದ್ದೆ. ಏಳನೇ ತರಗತಿ, ಅಂಕಪಟ್ಟಿ, ಮೇ ಮೂವತ್ತು. ಏನು ಸುಳ್ಳು ಹೇಳುವುದು ಎಂಬ ಮಾತು ಬಂತು.

"ಬೆಂಕೀಲಿ ಸುಟ್ಟುಹೋಯ್ತು ಅಂತ ಹೇಳ್ಲಾ?"

"ನಮ್ಮನೇಲಿ ಬೆಂಕಿ ಯಾವಾಗ ಬಿದ್ದಿತ್ತು? ನಿಮ್ಮತ್ತಿಗೆ ಹೊಟ್ಟೇಲಿ ಬಿಟ್ರೆ?"

"ನೀರು ನುಗ್ಗಿ ಹೋಯ್ತು ಅಂದ್ರೆ?"

"ಮೂರನೇ ಮಹಡೀಲಿದ್ದೀವಿ ರೀ."

"ಇಲಿ ತಿಂತು ಅಂತೀನಿ ಕಣೇ. ಇಲಿ ಎಲ್ಲಾ ಕಡೆ ಇರುತ್ತೆ."

ಅವಳು ಒಂದು ಕವರು ಮುಗಿಸಿ ಮಷೀನು ನಿಲ್ಲಿಸಿದಳು. ಕೋಣೆ ನಿಶ್ಶಬ್ದವಾಯಿತು. ಆಗ ಮೇಜಿನ ಮೇಲಿದ್ದ ಹೆಡ್‌ಫೋನಿನೊಳಗಿಂದ ಸಣ್ಣಗೆ ಒಂದು ಹೆಣ್ಣು ದನಿ ಬಂತು.

"ಇಲಿ ಅಂತ ಮಾತ್ರ ಹೇಳ್ಬೇಡಪ್ಪಾ. ಯಾರೂ ನಂಬಲ್ಲ."

ಹೆಡ್‌ಫೋನ್ ಎತ್ತಿ ಕಿವಿಗಿಟ್ಟುಕೊಂಡೆ. "ಯಾ... ಯಾರು?"

"ನಾನು ನಾಲ್ಕನೇ ಮಹಡಿ. ಹನ್ನೊಂದು ಗಂಟೆಯಿಂದ ನಿಮ್ಮನೆ ಮಾತು ನಮ್ಮ ಲಿಫ್ಟಲ್ಲಿ ಬರ್ತಿದೆ. ತರಕಾರಿಗೆ ಇಳಿಯುವಾಗ ಇತ್ತು, ತಂದು ಹತ್ತುವಾಗ್ಲೂ ಇತ್ತು. ಆಮೇಲೆ ಸುಮ್ನೆ ಎರಡು ಸಲ ಹತ್ತಿ ಇಳಿದೆ, ಮುಂದೇನಾಗುತ್ತೋ ಅಂತ."

"ಮುಂಚೇನೇ ಒಂದು ಮಾತು ಹೇಳ್ಬಾರ್ದಿತ್ತಾ ಅಮ್ಮಾ?"

"ಹೇಳ್ದೇ ಇರ್ತೀವಾ? ಹತ್ತಿದೋರೆಲ್ಲ ಕೂಗಿದ್ದಾರೆ. ಆ ಮಷೀನಿನ ಸದ್ದಲ್ಲಿ ನಿಂಗೆಲ್ಲಿ ಕೇಳ್ಬೇಕು? ನಿಮ್ಮನೆಯವಳಿಗೆ ಹೇಳು, ಅದಕ್ಕೆ ಎಣ್ಣೆ ಬಿಡ್ಬೇಕು."

ಮುಚ್ಚು ಒತ್ತಿದೆ. ಗಡಿಯಾರ ನೋಡಿದೆ, ಒಂದೂ ಹತ್ತು. ಲೈನ್ ತೆರೆದೇ ಇದ್ದದ್ದು ಎರಡು ಗಂಟೆ ಹತ್ತು ನಿಮಿಷ.

ಮನೆಯವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಅವಳು ಕೇಳಿದ್ದು ಒಂದೇ ಮಾತು. "ನಿಮ್ಮತ್ತಿಗೆಗೆ ಆ ಕಟ್ಟಡದಲ್ಲಿ ಯಾರಾದ್ರೂ ಗೊತ್ತಾ?"

ಏಪ್ರಿಲ್ 16, ಬುಧವಾರ

ಬೆಳಗ್ಗೆ ಸಂದೇಶ ಬಂದಿತ್ತು. ತೆರೆಯಲು ಕೈಕಾಲು ತಣ್ಣಗಾಗಿ, ಮಗಳಿಂದ ತೆರೆಸಿದೆ.

"ಅಭಿನಂದನೆ! ಈ ತಿಂಗಳ ಅತಿ ದೀರ್ಘ ಕರೆ: 2 ಗಂಟೆ 10 ನಿಮಿಷ. ನಿಮ್ಮ ತಾಳ್ಮೆಗೆ ಒಂದು ನಕ್ಷತ್ರ."

ಕಂಪ್ಯೂಟರ್ ತಾನೇ ಕಳಿಸುವುದಂತೆ. ಮಗಳು ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ನನಗೆ ಬೈಗುಳ ಬಂದಿದ್ದರೇ ವಾಸಿ ಇತ್ತು. ಎಲ್ಲ ಕರೆಗಳೂ ರೆಕಾರ್ಡ್ ಆಗುತ್ತವೆ. ಮೇಡಂ ತಿಂಗಳಿಗೆ ಹತ್ತು ಆರಿಸಿ ಕೇಳುತ್ತಾರೆ. ನಕ್ಷತ್ರ ಬಿದ್ದ ಕರೆಯನ್ನು ಕೇಳದೆ ಬಿಡುತ್ತಾರೆಯೇ?

ಏಪ್ರಿಲ್ 22, ಮಂಗಳವಾರ

ಹನ್ನೆರಡು ಮಹಡಿಯ ಕಟ್ಟಡದವರು ನನ್ನನ್ನು ಬಿಡುತ್ತಿಲ್ಲ. ಸಿಕ್ಕಿಕೊಳ್ಳದೆಯೇ ಗುಂಡಿ ಒತ್ತುತ್ತಾರೆ. ನಿನ್ನೆ ಒಬ್ಬರು, "ಅಂಕಪಟ್ಟಿ ವಿಷ್ಯ ಏನಾಯ್ತು ಸಾರ್?" ಇವತ್ತು ಇನ್ನೊಬ್ಬರು, "ನಿಮ್ಮನೆಯವ್ರು ಪ್ಯಾಂಟ್ ಉದ್ದ ಕಮ್ಮಿ ಮಾಡ್ಕೊಡ್ತಾರಾ?" ಸುಮ್ಮನೆ ಒತ್ತಿದರೂ ನನ್ನ ಲೆಕ್ಕಕ್ಕೇ ಬರುತ್ತದೆ, ವರದಿ ನಾನೇ ಬರೆಯಬೇಕು. ದಯವಿಟ್ಟು ಒತ್ತಬೇಡಿ ಎಂದು ಕೈಮುಗಿದೆ. ಕೈಮುಗಿದದ್ದು ಅವರಿಗೆ ಕಾಣುವುದಿಲ್ಲ ಎಂದು ಆಮೇಲೆ ಹೊಳೆಯಿತು.

ನಾಲ್ಕನೇ ಮಹಡಿಯ ಅಮ್ಮ ಹೇಳಿದ್ದು: ಕಟ್ಟಡದ ಕಾರ್ಯದರ್ಶಿ ದೂರು ಕೊಡುತ್ತೇನೆ ಎಂದು ಎಗರಾಡಿದರಂತೆ. "ಕೊಡಿ, ಆದ್ರೆ ಅವನು ಲಿಫ್ಟಲ್ಲಿ ಮಾತಾಡಿದ ಎರಡು ಗಂಟೆ ಯಾರೂ ಒಳಗೆ ಉಗುಳ್ಲಿಲ್ಲ ಅಂತಾನೂ ಬರೀರಿ" ಎಂದು ಇವರು ಹೇಳಿದರಂತೆ. ದೂರು ಹೋಯಿತೋ ಇಲ್ಲವೋ ತಿಳಿಯದು.

ಏಪ್ರಿಲ್ 29, ಮಂಗಳವಾರ

ಐದ್ನಿಮಿಷ ತಾನಾಗಿಯೇ ಫೋನ್ ಮಾಡಿದ. ಆ ಕಟ್ಟಡಕ್ಕೆ ರಿಪೇರಿಗೆ ಹೋದಾಗ ಅಲ್ಲಿಯ ಕಾವಲುಗಾರ ಎಲ್ಲ ಹೇಳಿದನಂತೆ.

"ಇಷ್ಟಕ್ಕೆ ತಲೆ ಕೆಡಿಸ್ಕೋತಾರಾ ಅಣ್ಣಾ? ನಂಗೊಬ್ಬ ಗೊತ್ತು. ಅಚ್ಚು ಹಾಕಿದ ಹಾಗೆ ಮಾಡ್ಕೊಡ್ತಾನೆ. ಪೂರ್ತಿ ಹೆಸ್ರು, ಹುಟ್ಟಿದ ತಾರೀಕು ಹೇಳು."

ಹೇಳಿದೆ. ಮನೆಯವಳಿಗೆ ತಿಳಿಸಿಲ್ಲ.

ಮೇ 8, ಗುರುವಾರ

ಹತ್ತೂ ಕಾಲಿಗೆ ಹನ್ನೆರಡು ಮಹಡಿಯವರ ಕರೆ. ಮತ್ತೆ ಪ್ಯಾಂಟಿನ ವಿಷಯವೇ ಎಂದುಕೊಂಡೆ. ಅಲ್ಲ. ಒಂದು ಹೆಣ್ಣುಮಗಳು, ಕೈಯಲ್ಲಿ ಮೂರು ತಿಂಗಳ ಕೂಸು. ಲಿಫ್ಟ್ ಐದಕ್ಕೂ ಆರಕ್ಕೂ ನಡುವೆ ನಿಂತಿದೆ. ಕೂಸು ಅಳುತ್ತಿತ್ತು. ಐದ್ನಿಮಿಷನಿಗೆ ಹೇಳಿ, ಇವರನ್ನು ಮಾತಾಡಿಸುತ್ತಿದ್ದೆ. ಕೂಸಿಗೆ ಹಾಲು ಕೊಡಮ್ಮಾ, ನಾನೇನು ನೋಡಲ್ಲ, ಇಲ್ಲಿ ಕ್ಯಾಮೆರಾ ಇಲ್ಲ ಎಂದೆ. ನಕ್ಕರು, ಕೂತು ಕೊಟ್ಟರು.

ಆಗ ಒಂದು ಸದ್ದು ಕೇಳಿತು. ಕರ್, ಕರ್, ಆಮೇಲೆ ಟಣ್. ಹತ್ತೊಂಬತ್ತು ವರ್ಷದಲ್ಲಿ ನಾಲ್ಕು ಸಲ ಕೇಳಿದ್ದೇನೆ ಅದನ್ನು. ಹೊರಗಿನಿಂದ ಯಾರೋ ಕಬ್ಬಿಣದ ಸಲಾಕೆ ಹಾಕಿ ಬಾಗಿಲು ಮೀಟುತ್ತಿದ್ದಾರೆ.

"ಮೇಲಿಂದ ಬೆಳಕು ಬಂತು" ಎಂದರು ಆಕೆ. "ಕಾವಲಿನವರು ಬಾಗ್ಲು ತೆಗೆದ್ರು. ಒಂದೂವರೆ ಅಡಿ ಸಂದು ಇದೆ. ಮಗೂನ ಕೊಡಿ, ಹಿಡ್ಕೋತೀನಿ ಅಂತಿದ್ದಾರೆ. ಕೊಡ್ಲಾ?"

"ಬೇಡ. ಮಗು ನಿಮ್ಮ ಕೈಯಲ್ಲೇ ಇರ್ಲಿ. ಹಿಂದಿನ ಗೋಡೆಗೆ ಒರಗಿ ಕೂತ್ಕೊಳ್ಳಿ."

"ಸ್ವಲ್ಪ ಎತ್ತಿದ್ರೆ ಸಿಗುತ್ತೆ..."

"ಎತ್ಬೇಡಿ ತಾಯಿ. ನಿಂತಿರೋ ಲಿಫ್ಟು ಯಾವಾಗ ಬೇಕಾದ್ರೂ ಹೊರಡುತ್ತೆ. ಕೂತ್ಕೊಳ್ಳಿ. ಕೂತ್ರಾ? ಈಗ ನಾನು ಆ ಮನುಷ್ಯನ ಜೊತೆ ಮಾತಾಡ್ತೀನಿ, ನೀವು ಮಗೂ ಕಿವಿ ಮುಚ್ಚಿ." ಆಮೇಲೆ ಗಂಟಲು ಹರಿಯುವ ಹಾಗೆ ಕೂಗಿದೆ. "ಏಯ್ ಕಾವಲು! ಸಲಾಕೆ ಬಿಡು! ಕೈ ಹೊರಗೆ ತೆಗಿ!"

ಆಮೇಲೆ ಮೇಲಿನಿಂದ ಒಂದು ದನಿ. "ಯಾರು, ಇಲಿ ಸಾರಾ?"

"ಹೌದು, ಇಲೀನೇ! ಕೈ ತೆಗಿ, ಮೂರು ಹೆಜ್ಜೆ ಹಿಂದೆ ಹೋಗು. ಹೋದ್ಯಾ?"

"ಹೋದೆ ಸಾರ್. ಸಲಾಕೆ ಸಿಕ್ಕಾಕೊಂಡಿದೆ, ಎಳ್ಕೊಳ್ಲಾ?"

"ಅದು ಹಾಳಾಗಿ ಹೋಗ್ಲಿ! ನೀನು ದೂರ ನಿಲ್ಲು."

ಅವನು ನಿಂತ. ಬೇರೆಯವರ ಮಾತಾಗಿದ್ದರೆ ಕೇಳುತ್ತಿದ್ದನೋ ಇಲ್ಲವೋ. ಒಂದು ನಿಮಿಷವೂ ಆಗಿರಲಿಲ್ಲ, ಲಿಫ್ಟ್ ತಾನಾಗಿ ಒಂದು ಮೊಳ ಮೇಲಕ್ಕೆ ಎಗರಿ ಮತ್ತೆ ನಿಂತಿತು. ಆಕೆ ಚೀರಿದರು. ಸಲಾಕೆ ಬಾಗಿದ ಸದ್ದು ನನಗೂ ಕೇಳಿತು.

"ಕೂತೇ ಇದ್ದೀರಾ?" ಎಂದೆ.

"ಕೂತಿದ್ದೀನಿ" ಎಂದರು. ಕೂಸು ಹಾಲು ಕುಡಿಯುವುದು ಕೇಳುತ್ತಿತ್ತು. ಐದ್ನಿಮಿಷ ಹನ್ನೆರಡು ನಿಮಿಷಕ್ಕೆ ಬಂದು, ಮೇಲಿನ ಕೋಣೆಯಲ್ಲಿ ಕರೆಂಟ್ ತೆಗೆದು, ಆರನೇ ಮಹಡಿಗೆ ಕೈಯಿಂದ ತಂದು ಇಳಿಸಿದ.

ವರದಿ ಬರೆದು ಕಳಿಸಿ ಗಡಿಯಾರ ನೋಡಿದರೆ ಹನ್ನೊಂದಕ್ಕೆ ಎರಡು ನಿಮಿಷ ಇತ್ತು. ಲೈನ್ ಮುಚ್ಚಿದ್ದು ಹತ್ತೂ ಐವತ್ನಾಲ್ಕಕ್ಕೆ. ನಾಲ್ಕೇ ನಿಮಿಷ.

ಮೇ 9, ಶುಕ್ರವಾರ

ಗುರುತು ಪರಿಚಯ ಇಲ್ಲದ ಮನುಷ್ಯನಿಗೆ "ಏಯ್" ಎಂದುಬಿಟ್ಟೆ. ರೆಕಾರ್ಡ್ ಆಗಿರುತ್ತದೆ. ಕಾರ್ಡಿನಲ್ಲಿ ಅಂಥ ಮಾತೇ ಇಲ್ಲ. ಬಾಗಿಲು ಮೀಟಿದರೆ ಏನು ಹೇಳಬೇಕು ಎಂಬುದೂ ಇಲ್ಲ.

ಮನೆಯವಳದು ಬೇರೆ ರಗಳೆ. ನನ್ನ ನೀರಿನ ಬಾಟಲಿಯನ್ನು ಈಗ ಅವಳು ದಿನಕ್ಕೆ ಎರಡು ಸಲ ತುಂಬಿಸಿಕೊಡಬೇಕಂತೆ, ನಾನೇ ಎದ್ದು ತುಂಬಿಸಿಕೊಳ್ಳಬಾರದೇ ಎಂದಳು.

ಮೇ 21, ಬುಧವಾರ

ಮೂರೂವರೆಗೆ ಬಾಗಿಲು ತಟ್ಟಿದ ಸದ್ದು. ಐದ್ನಿಮಿಷ. ಇಷ್ಟು ದಿನ ಬರೀ ದನಿ ಕೇಳಿದ್ದೆ. ದಪ್ಪಗೆ ಇರಬಹುದು ಎಂದುಕೊಂಡಿದ್ದೆ, ಕಡ್ಡಿಯ ಹಾಗಿದ್ದಾನೆ. ಬೀರುವಿನ ಪಕ್ಕದ ನನ್ನ ಜಾಗ ನೋಡಿ, "ಅಣ್ಣಾ, ಇದು ನಾಲ್ಕು ಜನ ಹಿಡಿಯೋ ಮಾಡೆಲ್ಲು" ಎಂದ. ಚಹಾ ಕುಡಿದು, ಒಂದು ಲಕೋಟೆ ಕೈಗಿಟ್ಟು, "ಆ ಕೂಸಿನ ಲೆಕ್ಕಕ್ಕೆ ಇದು, ಏನೂ ಕೊಡೋದು ಬೇಡ" ಎಂದು ಹೋದ.

ಒಳಗೆ ಅಂಕಪಟ್ಟಿ. ನನ್ನ ಹೆಸರು, ನನ್ನ ಹುಟ್ಟಿದ ದಿನ. ಗಣಿತ 41. ಭಾಷೆ 72. ಸಮಾಜ 58. ದ್ವಿತೀಯ ದರ್ಜೆಯಲ್ಲಿ ಪಾಸಾಗಿದ್ದೇನೆ. ಭಾಷೆಯಲ್ಲಿ 72 ಎಂದು ಎಷ್ಟು ಸಲ ಓದಿದೆನೋ. ನಾನು ಶಾಲೆಗೆ ಹೋಗಿದ್ದರೆ ಬಹುಶಃ ಇಷ್ಟೇ ಬರುತ್ತಿತ್ತು. ಗಣಿತದಲ್ಲಿ ಇನ್ನೂ ಕಡಿಮೆ ಬರುತ್ತಿತ್ತು.

ಮೇ 30, ಶುಕ್ರವಾರ

ಇವತ್ತೇ ಕಡೆಯ ದಿನ. ಮನೆಯವಳಿಗೂ ಮಗಳಿಗೂ ಅಂಕಪಟ್ಟಿ ತೋರಿಸಿದೆ. ಮನೆಯವಳು ತಿರುಗಿಸಿ ನೋಡಿ, "ಚೆನ್ನಾಗಿ ಮಾಡಿದಾನೆ" ಎಂದಳು, ಅಷ್ಟೇ. ಮಷೀನಿನ ಕಡೆ ಹೋದವಳು ತುಳಿಯಲಿಲ್ಲ.

ಏಳಕ್ಕೆ ಮುಂಚೆ ಮಗಳು ಅದರ ಫೋಟೋ ತೆಗೆದು, ಕಂಪ್ಯೂಟರಿಗೆ ಹಾಕಿ, "ಕಳಿಸ್ಲಾ ಅಪ್ಪಾ?" ಎಂದಳು.

"ನೀನ್ಯಾಕೆ, ನಾನೇ ಒತ್ತುತ್ತೀನಿ."

"ಮೊದಲನೇದು ಒತ್ತಿದ್ದೂ ನಾನೇ ತಾನೇ? ಇರ್ಲಿ ಬಿಡು."

ಹಾಗೆ ಹೇಳಿದಳೇ ಹೊರತು ಬೆರಳು ಒತ್ತಲಿಲ್ಲ. ಮೌಸಿನ ಮೇಲೆ ಇಟ್ಟ ಕೈ ಹಾಗೇ ಇತ್ತು. ನಾನು ಆ ಕೈ ಹಿಡಿದೆ. ಮಂಜುಗಡ್ಡೆ. ನನ್ನದೇ ಕೈ ಹಿಡಿದ ಹಾಗಾಯಿತು. ಈ ರೋಗ ಅವಳಿಗೂ ಹತ್ತಿಸುತ್ತಿದ್ದೇನೆ ಅನ್ನಿಸಿತು.

"ಏಳಮ್ಮಾ, ಕಾಲೇಜಿಗೆ ಹೊತ್ತಾಯ್ತು" ಎಂದು ಎಬ್ಬಿಸಿದೆ.

ಫೋಟೋ ಅಳಿಸಿದೆ. ಕೆಳಗೆ "ಇತರ ಟಿಪ್ಪಣಿ" ಎಂದು ಒಂದು ಖಾನೆ ಇತ್ತು. ಅದರಲ್ಲಿ ಟೈಪ್ ಮಾಡಿದ್ದನ್ನು ಇಲ್ಲಿಯೂ ಬರೆದಿಡುತ್ತೇನೆ.

"ನಾನು ಓದಿರುವುದು ಏಳನೇ ತರಗತಿ. ನಿಮ್ಮ ಪಟ್ಟಿಯಲ್ಲಿ ಅದು ಇರಲಿಲ್ಲ, ಅದಕ್ಕೆ ಹತ್ತು ಎಂದು ಒತ್ತಿಸಿದೆ. ಒತ್ತಿಸಿದ್ದು ನಾನು, ತಪ್ಪು ನನ್ನದು. ಅಂಕಪಟ್ಟಿ ಇಲ್ಲ. ಸುಟ್ಟಿಲ್ಲ, ಕಳೆದಿಲ್ಲ. ಏಪ್ರಿಲ್ 15ರಂದು ಲೈನ್ ಮುಚ್ಚದೆ ಬಿಟ್ಟವನೂ ನಾನೇ. ಆ ನಕ್ಷತ್ರ ವಾಪಸ್ ತೆಗೆದುಕೊಳ್ಳಿ. ಇನ್ನೊಂದು ಮಾತು. ಹೊರಗಿನಿಂದ ಬಾಗಿಲು ಮೀಟಿದರೆ ಏನು ಹೇಳಬೇಕೆಂದು ಕಾರ್ಡಿನಲ್ಲಿ ಇಲ್ಲ. ನಾನಿದ್ದರೂ ಇಲ್ಲದಿದ್ದರೂ ಅದನ್ನು ಸೇರಿಸಿ."

ಒತ್ತಿದೆ. ಹೋಯಿತು. ಏಳು ಗಂಟೆಯಾಗಿತ್ತು, ಹೆಡ್‌ಫೋನ್ ಹಾಕಿಕೊಂಡೆ.

ಅಂಕಪಟ್ಟಿಯನ್ನು ಹರಿದೆ. ಭಾಷೆಯ 72 ಇರುವ ಚೂರನ್ನು ಮಾತ್ರ ಎರಡು ಸಲ ಹರಿಯಬೇಕಾಯಿತು.

ಜೂನ್ 2, ಸೋಮವಾರ

ಮೇಡಂ ಫೋನ್ ಮಾಡಿದರು. ಚಿಕ್ಕ ವಯಸ್ಸಿನವರು, ಆದರೆ ದನಿಯಲ್ಲಿ ಭಾರ.

"ಟಿಪ್ಪಣಿ ಯಾರು ಬರೆದಿದ್ದು?"

"ನಾನೇ ಮೇಡಂ."

"ಸರಿ, ಟೈಪ್ ಮಾಡಿದ್ದು?"

"ಅದೂ ನಾನೇ."

"ಆ ರೆಕಾರ್ಡಿಂಗ್ ನಾನು ಏಪ್ರಿಲ್ ಹದಿನೇಳಕ್ಕೇ ಕೇಳಿದೀನಿ" ಎಂದರು.

"ಪೂರ್ತಿನಾ ಮೇಡಂ?"

"ಇಲಿ ತನಕ."

ಅವರೇ ಮುಂದುವರಿಸಿದರು. "ಏನು ಕಳಿಸ್ತೀರೋ ನೋಡೋಣ ಅಂತ ಕಾಯ್ತಿದ್ದೆ. ಅಂಕಪಟ್ಟಿ ಬಂದಿದ್ರೆ ಅವತ್ತೇ ನಿಮ್ಮ ಲೈನ್ ತೆಗೀಬೇಕಾಗ್ತಿತ್ತು. ಈಗ ಮೇಲಿನೋರಿಗೆ ಬರೆದಿದೀನಿ. ಅವರೇನಂತಾರೋ ನನ್ನ ಕೈಯಲ್ಲಿಲ್ಲ. ಅಷ್ಟರಲ್ಲಿ ಬಾಗ್ಲು ಮೀಟೋ ವಿಷ್ಯಕ್ಕೆ ಎರಡು ಸಾಲು ನೀವೇ ಬರೆದು ಕಳಿಸಿ. ಹೇಗೆ ಹೇಳಿದ್ರಿ ಹಾಗೇ."

"ಏಯ್ ಅನ್ನೋದೂ ಸೇರಿಸ್ಲಾ ಮೇಡಂ?"

ಫೋನಿನಲ್ಲಿ ಕೆಮ್ಮಿದ ಹಾಗೆ ಕೇಳಿತು. "ಅದೊಂದು ಬಿಡಿ."

ಜೂನ್ 5, ಗುರುವಾರ

ಇವತ್ತು ಪುರುಸೊತ್ತೇ ಇರಲಿಲ್ಲ. ಎಂಟೂವರೆ ದಾಟಿತ್ತಷ್ಟೇ, ಊರಿನ ಅರ್ಧಕ್ಕೆ ಕರೆಂಟ್ ಹೋಯಿತು. ಏಳು ಲಿಫ್ಟು ಒಂದರ ಹಿಂದೆ ಒಂದು. ಒಬ್ಬನ ಹತ್ತಿರ ಗಾಜಿನ ತೊಟ್ಟಿಯಲ್ಲಿ ಮೀನು ಇತ್ತು, ಕತ್ತಲೆಯಲ್ಲಿ ಮೀನಿಗೆ ಭಯವಾಗುತ್ತದೆಯೇ ಎಂದು ಕೇಳಿದ. ಅದು ಮಲಗಿರುತ್ತೆ, ನೀನು ತೊಟ್ಟಿ ನೆಲದ ಮೇಲಿಟ್ಟು ಪಕ್ಕದಲ್ಲಿ ಕೂತ್ಕೋ ಎಂದೆ. ಇನ್ನೊಂದರಲ್ಲಿ ಇಬ್ಬರು ವಕೀಲರು, ಯಾರು ಮೊದಲು ಗುಂಡಿ ಒತ್ತಿದ್ದು ಎಂದು ಜಗಳ. ಅವರನ್ನು ಹಾಗೇ ಬಿಟ್ಟೆ, ಜಗಳವಾಡುವವರಿಗೆ ಗಾಬರಿ ಇರುವುದಿಲ್ಲ. ಒಬ್ಬ ಮುದುಕರಿಗೆ ಕಿವಿ ಮಂದ. ಅವರಿಗೆ ಕೂಗಿ ಕೂಗಿ ನನ್ನ ಗಂಟಲು ಹೋಗಿದೆ. ಮನೆಯವಳು ದಾರ ಬಿಚ್ಚಿಟ್ಟು, ಇವತ್ತು ಮಷೀನು ಮುಟ್ಟಲ್ಲ ಎಂದು ಬಾಟಲಿಗೆ ನೀರು ತುಂಬಿಸಿ ತಂದುಕೊಡುತ್ತಾ ಕೂತಳು. ಏಳು ವರದಿಗಳನ್ನೂ ಮೂರರೊಳಗೆ ಕಳಿಸಿದೆ.

ಬೀದಿಯ ಕೊನೆಯ ತನಕ ಹೋಗಿ ಬಂದು ಊಟಕ್ಕೆ ಕೂತಾಗ ಅವಳು ಕೇಳಿದಳು, "ಮೇಲಿನೋರು ಏನೂ ಹೇಳ್ಲಿಲ್ವಾ ಇನ್ನೂ?"

"ಹೇಳಿದ್ರು. ಕಾಯಂ ಆಯ್ತು. ವಿದ್ಯಾಭ್ಯಾಸ ಅನ್ನೋ ಕಡೆ ಒಂದು ಗೀಟು ಎಳೆದಿದಾರೆ. ಬಡ್ತಿ ಗಿಡ್ತಿ ಸಿಗಲ್ವಂತೆ, ಇದೇ ಕುರ್ಚಿ."

ತುತ್ತು ಅವಳ ಕೈಯಲ್ಲೇ ಉಳಿಯಿತು. "ಯಾವಾಗ ಬಂತು?"

"ಬೆಳಗ್ಗೆ. ಎಂಟೂವರೆಗೇನೋ."

"ಎಂಟೂವರೆಗೆ ಬಂದಿದ್ದನ್ನ ನಾಲ್ಕು ಗಂಟೆಗೆ ಹೇಳ್ತಿದ್ದೀರಾ? ಮೂರು ತಿಂಗಳು ನನ್ನ ಜೀವ ತಿಂದು, ಈಗ ನಾನು ಕೇಳ್ದೇ ಇದ್ದಿದ್ರೆ? ಏನ್ ಮನುಷ್ಯರ್ರೀ ನೀವು!"

ಬೈದಳು, ನಕ್ಕಳು, ಎದ್ದು ಮಗಳಿಗೆ ಫೋನ್ ಮಾಡಿದಳು, ಮತ್ತೆ ಬಂದು ಬೈದಳು. ಯಾಕೆ ಹೇಳಲಿಲ್ಲವೋ ನನಗೂ ಗೊತ್ತಿಲ್ಲ. ಹೇಳಬೇಕೆಂದು ಎದ್ದಿದ್ದೆ, ಅಷ್ಟರಲ್ಲಿ ಗಂಟೆ ಬಾರಿಸಿತು. ಲೈನಿನಲ್ಲಿ ಜನ ಇದ್ದರು.